ಒಂದು ಹೆಜ್ಜೆ ತಡವಾಗಿ ನಿಂತ ಕಾರು

“ಡಿಕ್ಕಿ ಖಾಲಿ ಮಾಡಿ ಸಾರ್. ಪೂರ್ತಿ. ಮಗು ಸೈಕಲ್ಲೂ ಇಳಿಸಿ.”

ಬಿಳಿ ಕಾರಿನ ಮಾಲೀಕ ಗೊಣಗುತ್ತ ಸೈಕಲ್ ಇಳಿಸಿದ. ಅದರ ಹಿಂದೆ ನೀರಿನ ಕ್ಯಾನು, ಕೊಡೆ, ಯಾರದೋ ಮದುವೆಗೆಂದು ಕೊಂಡು ಕೊಡದೇ ಉಳಿಸಿಕೊಂಡ ಉಡುಗೊರೆಯ ಡಬ್ಬ. ಗಾಜಿನ ಅಂಗಡಿಯವನು ನಾಲ್ಕೂ ಟೈರಿನ ಗಾಳಿ ನೋಡಿದ. ಅಳತೆ ಟೇಪು ಹಿಡಿದು, ಕಪ್ಪು ಬಿಳಿ ಚೌಕಗಳಿದ್ದ ಒಂದು ಹಲಗೆಯನ್ನು ಕಾರಿನ ಎದುರು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ.

ಬಾಗಿಲಲ್ಲಿ ನಿಂತಿದ್ದ ಇನ್‌ಸ್ಪೆಕ್ಟರ್ ಇದನ್ನೆಲ್ಲ ನೋಡಿದಳು. ಕೇಳಲು ಬಂದಿದ್ದ ಪ್ರಶ್ನೆಯನ್ನು ಅಲ್ಲೇ ಬಿಟ್ಟಳು. ಬೇರೊಂದು ಪ್ರಶ್ನೆ ಹುಟ್ಟಿತ್ತು.

ಟೈಲ್ಸ್ ಸಾಹುಕಾರ ತನ್ನ ಅಂಗಡಿಯ ಅಂಗಳದಲ್ಲೇ ತನ್ನದೇ ಕಾರಿಗೆ ಸಿಕ್ಕಿ ಸತ್ತು ಒಂದು ವಾರ. ಸ್ಟೇರಿಂಗ್ ಹಿಡಿದಿದ್ದವಳು ಹೆಂಡತಿ. ಅದು ಅಪಘಾತವೋ ಕೊಲೆಯೋ ಎಂದು ಇವತ್ತು ಸಂಜೆಯೊಳಗೆ ಬರೆದುಕೊಡಬೇಕಿತ್ತು. ಕೊಲೆ ಎಂದು ಬರೆದರೆ ಅವಳು ಜೈಲಿಗೆ, ಎರಡನೇ ಕ್ಲಾಸಿನ ಮಗಳು ಚಿಕ್ಕಪ್ಪನ ಮನೆಗೆ. ದೊಡ್ಡ ಸಾಹೇಬರು ಆಗಲೇ ಕೊಲೆ ಎಂದು ತೀರ್ಮಾನಿಸಿ ಮೀಟಿಂಗಿಗೆ ಹೋಗಿದ್ದರು. ಅವರಿಗೆ ಸತ್ತವನೂ ಬೇಕಿರಲಿಲ್ಲ, ಕೊಂದವಳೂ ಬೇಕಿರಲಿಲ್ಲ. ಮೇಜಿನ ಮೇಲಿನ ಕಾಗದ ತೊಲಗಿದರೆ ಸಾಕಿತ್ತು.

ಸಾಹುಕಾರನಿಗೊಂದು ಚಟವಿತ್ತು. ಗಿರಾಕಿ ಬಂದರೆ ಟೈಲ್ಸ್ ತೋರಿಸುವ ಮೊದಲು ಕಾರು ತೋರಿಸುತ್ತಿದ್ದ. ಅಂಗಳದ ತುದಿಯಲ್ಲಿ, ಓರೆಯಾಗಿ ಒರಗಿಸಿಟ್ಟ ಕಲ್ಲು ಚಪ್ಪಡಿಗಳ ಮುಂದೆ ಕೈ ಚಾಚಿ ನಿಲ್ಲುತ್ತಿದ್ದ. ಹೆಂಡತಿ ಆ ತುದಿಯಿಂದ ಕಾರು ಓಡಿಸಿಕೊಂಡು ಬಂದು, ನಡುದಾರಿಯಲ್ಲಿ ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಟ್ಟುಕೊಳ್ಳುತ್ತಿದ್ದಳು. ಕಾರು ತಾನಾಗಿಯೇ ಬ್ರೇಕ್ ಹಾಕಿ ಅವನ ಹೊಟ್ಟೆಗೆ ಒಂದು ಹೆಜ್ಜೆ ಇರುವಾಗ ನಿಲ್ಲುತ್ತಿತ್ತು. ಗಿರಾಕಿಗಳು ಚಪ್ಪಾಳೆ ತಟ್ಟುತ್ತಿದ್ದರು. ಈ ಕಾರಿಗಿರೋ ಬುದ್ಧಿ ನನ್ನ ತಮ್ಮನಿಗಿಲ್ಲ ಅನ್ನುವುದು ಅವನ ಮಾಮೂಲಿ ಜೋಕು. ತಮ್ಮ ಪಕ್ಕದಲ್ಲೇ ನಿಂತು ನಗುತ್ತಿದ್ದ. ಬೇರೇನು ಮಾಡಿಯಾನು, ಅನ್ನ ಹಾಕುವವನ ಜೋಕಿಗೆ ನಗಲೇಬೇಕು.

ಕೊನೆಯ ದಿನವೂ ಕಾರು ನಿಂತಿತ್ತು. ಒಂದು ಹೆಜ್ಜೆ ತಡವಾಗಿ. ತಳ್ಳಿದ ರಭಸಕ್ಕೆ ಅವನ ತಲೆ ಹಿಂದಿನ ಚಪ್ಪಡಿಯ ಅಂಚಿಗೆ ಹೊಡೆದಿತ್ತು. ಅಷ್ಟೇ.

ಕಂಪನಿಯಿಂದ ಬಂದಿದ್ದ ಎಂಜಿನಿಯರು ಇಸ್ತ್ರಿ ಮುರಿಯದ ಹಾಗೆ ಕಾರಿನೊಳಗೆ ಕೂತು, ತನ್ನ ಯಂತ್ರ ಚುಚ್ಚಿ ನೋಡಿ, ದೋಷವಿಲ್ಲ ಎಂದಿದ್ದ. ಕಾರಿನ ಡಬ್ಬಿಯಲ್ಲಿ ಕೊನೆಯ ಕ್ಷಣಗಳ ಲೆಕ್ಕ ಉಳಿದಿತ್ತು. ಅವಳು ಬ್ರೇಕನ್ನೂ ಒತ್ತಿಲ್ಲ, ಆಕ್ಸಿಲರೇಟರನ್ನೂ ಒತ್ತಿಲ್ಲ. ಬ್ರೇಕ್ ಹಾಕಿದ್ದು ಕಾರೇ. ಹಾಗಾದರೆ ತಪ್ಪು ಯಾರದು ಎಂದರೆ, ವಾಹನದ ನಿಯಂತ್ರಣ ಸದಾ ಚಾಲಕರ ಜವಾಬ್ದಾರಿ ಎಂದು ಬಾಯಿಪಾಠ ಒಪ್ಪಿಸಿದ. ಮಾರುವಾಗ ಕಾರೇ ನಿಲ್ಲುತ್ತದೆ ಅನ್ನುತ್ತಾರೆ. ಗುದ್ದಿದ ಮೇಲೆ ನೀವೇ ನಿಲ್ಲಿಸಬೇಕಿತ್ತು ಅನ್ನುತ್ತಾರೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ, ಸಾಯುವವನು ಮಾತ್ರ ಸಾಯುತ್ತಾನೆ.

ಆದರೆ ಆ ಎಂಜಿನಿಯರು ಒಂದು ವಿಷಯವನ್ನು ಬಿಡಿಸಿ ಹೇಳಿದ್ದ, ಅದು ಇನ್‌ಸ್ಪೆಕ್ಟರ್ ತಲೆಯಲ್ಲಿ ಕೂತಿತ್ತು. ಈ ಕಾರಿಗೆ ರಾಡಾರ್ ಗೀಡಾರ್ ಏನೂ ಇಲ್ಲ. ಒಳಗಿನ ಕನ್ನಡಿಯ ಹಿಂದೆ, ಮುಂದಿನ ಗಾಜಿಗೆ ಅಂಟಿಕೊಂಡ ಒಂದೇ ಒಂದು ಕಣ್ಣು. ಆ ಕಣ್ಣು ಚಿತ್ರ ಹಿಡಿದಿಡುವುದಿಲ್ಲ. ನೋಡುತ್ತದೆ, ಮರೆಯುತ್ತದೆ. ಮನುಷ್ಯರ ಲಕ್ಷಗಟ್ಟಲೆ ಚಿತ್ರ ತೋರಿಸಿ ಅದನ್ನು ಪಳಗಿಸಿರುತ್ತಾರೆ, ಆದ್ದರಿಂದ ತಲೆ, ಹೆಗಲು, ಎರಡು ಕಾಲು ಕಂಡರೆ ಮನುಷ್ಯ ಎಂದು ಗುರುತು ಹಿಡಿಯುತ್ತದೆ. ದೂರ ಅಳೆಯುವುದು ಪಾದ ನೋಡಿ. ಪಾದ ನೆಲಕ್ಕೆ ತಾಗುವ ಜಾಗ ಚಿತ್ರದಲ್ಲಿ ಕೆಳಗಿದ್ದಷ್ಟೂ ಆ ಮನುಷ್ಯ ಹತ್ತಿರ, ಮೇಲಿದ್ದಷ್ಟೂ ದೂರ. ಇಷ್ಟೇ ಅದರ ಬುದ್ಧಿ.

ಸಾಯುವುದಕ್ಕೆ ಒಂದು ತಿಂಗಳ ಮುಂಚೆ ಸಾಹುಕಾರ ಒಡೆದ ಗಾಜು ಬದಲಿಸಿದ್ದು ಈ ಅಂಗಡಿಯಲ್ಲಿ. ಗಾಜು ಬದಲಾದರೆ ಕಣ್ಣನ್ನು ಹೊಸದಾಗಿ ಕೂರಿಸಬೇಕು. ಚೌಕದ ಹಲಗೆ ಅದಕ್ಕೇ.

“ಡಿಕ್ಕಿಯಲ್ಲಿ ಸೈಕಲ್ ಇದ್ದರೆ ಕ್ಯಾಮೆರಾಗೆ ಏನು ತೊಂದರೆ?” ಎಂದಳು.

ಗಾಜಿನವನು ಬೆನ್ನು ತಿರುಗಿಸಿಕೊಂಡೇ ನಕ್ಕ. “ಸೈಕಲ್ಲಿಂದ ಏನೂ ಆಗಲ್ಲ ಮೇಡಂ. ಒಬ್ಬರಿಗೆ ಬಿಟ್ಟರೆ ಇನ್ನೊಬ್ಬರು ಮಂಚ ಹೇರ್ಕೊಂಡು ಬರ್ತಾರೆ, ಅದಕ್ಕೆ.” ಹಿಂದೆ ಭಾರ ಬಿದ್ದರೆ ಮುಂದೆ ಮೂತಿ ಏಳುತ್ತೆ, ಎತ್ತು ಬಿಚ್ಚಿದ ಗಾಡಿಯ ಮೂಕಿ ಏಳೋ ಹಾಗೆ, ಎಂದು ಕೈಯಲ್ಲೇ ಮಾಡಿ ತೋರಿಸಿದ. ಮೂತಿ ಎದ್ದಾಗ ಕಣ್ಣು ಕೂರಿಸಿದರೆ, ತಾನು ಆಕಾಶ ನೋಡಿಕೊಂಡಿದ್ದೇನೆ ಎಂದು ಕಾರು ತಿಳಿಯುತ್ತದೆ. ಹಾಗೇ ಲೆಕ್ಕ ತಿದ್ದಿಕೊಳ್ಳುತ್ತದೆ.

“ಆಮೇಲೆ ಭಾರ ಇಳಿಸಿದರೆ?”

ಈ ಸಲ ಅವನು ತಿರುಗಿದ. ನಗು ಎಲ್ಲೋ ಹೋಗಿತ್ತು. ಒರೆಸಿ ಹೊಳೆಯುತ್ತಿದ್ದ ಗಾಜನ್ನು ಮತ್ತೆ ಒರೆಸತೊಡಗಿದ.

ಇನ್‌ಸ್ಪೆಕ್ಟರ್ ಜೊತೆಗೆ ಬಂದಿದ್ದ ಪೇದೆ ಕಡ್ಡಿಯಂತಿದ್ದ. ಅದಕ್ಕೇ ಸ್ಟೇಷನ್ನಿನಲ್ಲಿ ಎಲ್ಲರೂ ಅವನನ್ನು ದಪ್ಪಣ್ಣ ಎನ್ನುತ್ತಿದ್ದರು. ಅವಳಿಗೂ ಅವರೆಲ್ಲ ಒಂದು ಹೆಸರಿಟ್ಟಿದ್ದರು, ಮಂಜುಗಡ್ಡೆ ಎಂದು. ಅವಳ ಮುಖದ ಮೇಲೆ ಕೂತ ನೊಣಕ್ಕೆ ನೆಗಡಿಯಾಗುತ್ತದೆ ಎಂಬುದು ದಪ್ಪಣ್ಣನದೇ ಮಾತು. ಅವಳಿಗೆ ಗೊತ್ತಿತ್ತು. ಬೇಸರವೇನೂ ಆಗಿರಲಿಲ್ಲ. ರಸ್ತೆಯ ಮೇಲೆ ಸತ್ತವರನ್ನು ನೋಡಿ ನೋಡಿ ಬೇಸರವಾಗುವ ಜಾಗವೇ ಮರಗಟ್ಟಿತ್ತು.

“ಏನಯ್ಯಾ, ಮೇಡಂ ಕೇಳ್ತಿದಾರಲ್ಲ,” ಎಂದ ದಪ್ಪಣ್ಣ. “ಗಾಜು ಸವೆದುಹೋಗುತ್ತೆ, ಬಿಡು ಅದನ್ನ.”

ಭಾರ ಇಳಿಸಿದರೆ ಮೂತಿ ಮತ್ತೆ ಕೆಳಗೆ ಬರುತ್ತದೆ, ಆದರೆ ಕಾರು ಮಾತ್ರ ತಾನಿನ್ನೂ ಆಕಾಶ ನೋಡುತ್ತಿದ್ದೇನೆ ಎಂದೇ ನಂಬಿಕೊಂಡಿರುತ್ತದೆ ಎಂದು ಅವನು ಒಪ್ಪಿಕೊಂಡ. ಎದುರಿಗಿರುವವನ ಪಾದ ಅದರ ಲೆಕ್ಕದಲ್ಲಿ ಮೇಲಕ್ಕೆ ಹೋಗುತ್ತದೆ. ಹತ್ತಿರ ಇರುವವನು ದೂರ ಇದ್ದಾನೆ ಅನ್ನಿಸುತ್ತದೆ. ಕಾರು ಬ್ರೇಕ್ ಹಾಕುತ್ತದೆ, ಖಂಡಿತ ಹಾಕುತ್ತದೆ. ತಡವಾಗಿ.

ಸಾಹುಕಾರನ ಕಾರಿನ ಡಿಕ್ಕಿಯನ್ನು ಖಾಲಿ ಮಾಡಿಸಿದ್ದಿರಾ ಎಂದು ಅವಳು ಕೇಳಿದಳು. ದನಿ ಏರಲಿಲ್ಲ.

ಇಲ್ಲ. ಡಿಕ್ಕಿ ತುಂಬ ಸ್ಯಾಂಪಲ್ ಟೈಲ್ಸ್ ಪೆಟ್ಟಿಗೆಗಳು ಇದ್ದವು. ಒಂದೊಂದೂ ಸಿಮೆಂಟ್ ಮೂಟೆಯಷ್ಟು ತೂಕ. ಇಳಿಸಿ ಅಂದಿದ್ದಕ್ಕೆ ಸಾಹುಕಾರ ಗದರಿಸಿದ್ದ. ನನ್ನ ಕಾರು ತುಂಬಿದ ಬಸುರಿಯ ಹಾಗೆ, ಯಾವಾಗಲೂ ಇಷ್ಟು ಹೊತ್ತುಕೊಂಡೇ ಇರುತ್ತೆ, ಹೀಗೇ ಮಾಡಿ ಕಳಿಸು ಎಂದಿದ್ದ. ಇವನು ಮಾಡಿ ಕಳಿಸಿದ್ದ. ಪೆಟ್ಟಿಗೆ ಇರುವವರೆಗೆ ಏನೂ ತೊಂದರೆಯಿಲ್ಲವಲ್ಲ ಎಂದುಕೊಂಡಿದ್ದ.

“ಆದ್ರೆ ಹೇಳಿ ಕಳಿಸಿದ್ದೆ ಮೇಡಂ. ಆಣೆ ಮಾಡಿ ಹೇಳ್ತೀನಿ. ಯಾವತ್ತಾದ್ರೂ ಖಾಲಿ ಮಾಡಿದ್ರೆ ಇಲ್ಲಿಗೆ ತನ್ನಿ ಅಂದೆ. ಇಲ್ಲಾಂದ್ರೆ ದೊಡ್ಡ ರಸ್ತೇಲಿ ಸ್ವಲ್ಪ ಓಡಿಸಿ, ಬಿಳಿ ಗೆರೆ ನೋಡ್ತಾ ನೋಡ್ತಾ ಅದೇ ಸರಿ ಮಾಡ್ಕೊಳ್ಳುತ್ತೆ ಅಂದೆ. ಅಲ್ಲೀವರೆಗೆ ಎದುರಿಗೆ ನಿಲ್ಲೋ ಆಟ ಬೇಡ ಅಂತಾನೂ ಹೇಳಿದೆ.”

“ಯಾರಿಗೆ ಹೇಳಿದಿರಿ?”

“ಸಾಹುಕಾರರಿಗೇ. ಎಷ್ಟು ಮುಂದಕ್ಕೆ ಹೋಗುತ್ತೆ ಅಂತ ಕೇಳಿದ್ರು. ಒಂದು ಹೆಜ್ಜೆ ಅಂದೆ.”

ಜೀಪಿನಲ್ಲಿ ಕೂತ ಮೇಲೆ ದಪ್ಪಣ್ಣ, ಕಾರನ್ನು ಎಳೆದೊಯ್ಯುವ ಲಾರಿಗೆ ಏರಿಸುವಾಗ ಡಿಕ್ಕಿ ತೆಗೆದು ನೋಡಿದ್ದು ತಾನೇ ಎಂದ. ಒಂದು ಚೂರೂ ಇರಲಿಲ್ಲ. ಟೈಲ್ಸ್ ಮಾರುವವನ ಕಾರು ಟೈಲ್ಸ್ ಹಾಕಿದ ನೆಲಕ್ಕಿಂತ ಚೊಕ್ಕಟವಾಗಿದೆಯಲ್ಲ ಎಂದು ಆವತ್ತು ನಗೆಯಾಡಿದ್ದನಂತೆ.

ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಸಾಹುಕಾರನಿಗೆ ಗೊತ್ತಿತ್ತು. ಗೊತ್ತಿದ್ದವನು ಖಾಲಿ ಕಾರಿನ ಮುಂದೆ ನಿಲ್ಲುವುದಿಲ್ಲ. ಅಂದರೆ ಕಾರು ಖಾಲಿಯಾದದ್ದು ಅವನಿಗೆ ತಿಳಿಯದ ಹಾಗೆ. ಮತ್ತು ಅಂಗಳದೊಳಗೇ, ಆವತ್ತೇ. ಯಾಕೆಂದರೆ ಖಾಲಿ ಕಾರು ರಸ್ತೆಗೆ ಇಳಿದಿದ್ದರೆ ಅದರ ಕಣ್ಣು ತಾನೇ ಸರಿಹೋಗುತ್ತಿತ್ತು.

ಅಂಗಳದ ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಒಬ್ಬ ಸತ್ತಿದ್ದ.

*

ಸಾಹುಕಾರನ ತಮ್ಮ ಅಣ್ಣನ ಕುರ್ಚಿಯಲ್ಲೇ ಕೂತಿದ್ದ. ಕುರ್ಚಿಯ ಎತ್ತರವನ್ನು ಮಾತ್ರ ಇನ್ನೂ ತನಗೆ ಹೊಂದಿಸಿಕೊಂಡಿರಲಿಲ್ಲ, ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ.

ಆ ಹೆಂಗಸನ್ನು ಇನ್ನೂ ಯಾಕೆ ಬೆಂಚಿನ ಮೇಲೆ ಕೂರಿಸಿಕೊಂಡು ಟೀ ಕುಡಿಸ್ತಿದೀರಿ ಎಂದು ಅವನು ಶುರು ಮಾಡಿದ. ಅಣ್ಣ ಅತ್ತಿಗೆ ಮಾತಾಡಿ ಎಷ್ಟೋ ಕಾಲವಾಗಿತ್ತು, ಗಿರಾಕಿಗಳ ಮುಂದೆ ಮಾತ್ರ ನಗುನಗುತ್ತ ಇರುತ್ತಿದ್ದರು, ಮನೆಯಲ್ಲಿ ಎರಡು ಒಲೆ ಉರಿಯದೇ ಇದ್ದದ್ದೊಂದೇ ಹೆಚ್ಚು ಎಂದ. ಎಲ್ಲ ಕೇಳಿಸಿಕೊಂಡು ಇನ್‌ಸ್ಪೆಕ್ಟರ್ ಅಂಗಳಕ್ಕೆ ನಡೆದಳು. ಅವನು ಹಿಂದೆ ಬಂದ.

ಸ್ಟೇಷನ್ನಿನಿಂದ ತರಿಸಿದ್ದ ಕಾರನ್ನು ಲಾರಿಯಿಂದ ಇಳಿಸಲಾಗಿತ್ತು. ಎಂಜಿನಿಯರು ಯಂತ್ರ ಚುಚ್ಚಿದ್ದು ಬಿಟ್ಟರೆ ಅದು ಒಂದು ಮಾರು ದೂರವೂ ಓಡಿರಲಿಲ್ಲ. ಮುಂದಿನ ಬಂಪರಿನಲ್ಲಿ ಒಂದು ಸಣ್ಣ ತಗ್ಗು, ಹೆಬ್ಬೆರಳಿಟ್ಟರೆ ಮುಚ್ಚುವಷ್ಟು. ಒಬ್ಬ ಮನುಷ್ಯ ಹೋಗಲು ಅಷ್ಟೇ ಸಾಕಾಗಿತ್ತು.

ದಪ್ಪಣ್ಣ ಬಟ್ಟೆ ಅಂಗಡಿಯೊಂದರಿಂದ ಒಂದು ಪ್ಲಾಸ್ಟಿಕ್ ಗೊಂಬೆ ತಂದಿದ್ದ, ಆಳೆತ್ತರದ್ದು. ಕೋಟು, ಪ್ಯಾಂಟು, ಷೂ ಎಲ್ಲ ಇತ್ತು. ಅದನ್ನು ಚಪ್ಪಡಿಗಳ ಮುಂದೆ ನಿಲ್ಲಿಸಿ ಕೈ ಅಗಲಿಸಿದ. ನನ್ನ ಮದುವೇಲೂ ನಾನು ಇಷ್ಟು ಚೆನ್ನಾಗಿ ಕಾಣ್ತಿರಲಿಲ್ಲ ಎಂದು ಗೊಣಗಿದ. ಯಾರೂ ನಗಲಿಲ್ಲ.

“ಮೊದಲು ಹೀಗೇ,” ಎಂದಳು ಅವಳು. “ಖಾಲಿ.”

ದಪ್ಪಣ್ಣ ಕಾರು ಹತ್ತಿ ಆ ತುದಿಯಿಂದ ಬಂದ. ನಡುದಾರಿಯಲ್ಲಿ ಕಾಲೆತ್ತಿ ಸೀಟಿನ ಮೇಲಿಟ್ಟುಕೊಂಡ. ಅವನ ಕಣ್ಣುಗಳು ಮಾತ್ರ ಮುಚ್ಚಿದ್ದವು. ಕಾರು ಕೀರಲು ದನಿಯಲ್ಲಿ ಎಚ್ಚರಿಸಿತು, ಮೂತಿ ಬಾಗಿಸಿ ಬ್ರೇಕ್ ಹಾಕಿತು, ಗೊಂಬೆಯ ಮೊಣಕಾಲಿಗೆ ತಾಗಿತು, ನಿಂತಿತು. ಗೊಂಬೆ ಹಿಂದಕ್ಕೆ ಬಿತ್ತು. ಚಪ್ಪಡಿಗೆ ತಲೆ ಬಡಿದ ಸದ್ದು ಟೊಳ್ಳಾಗಿತ್ತು. ಒಂದು ಕೈ ಕಳಚಿ ಉರುಳಿತು.

ತಮ್ಮ ಬೇರೆ ಕಡೆ ನೋಡಿದ.

“ಈಗ ಪೆಟ್ಟಿಗೆ ತುಂಬಿಸಿ. ಅಣ್ಣ ಇಡುತ್ತಿದ್ದಷ್ಟು.”

ಗೋಡೆಗೆ ಒತ್ತಿ ಜೋಡಿಸಿದ್ದ ಸ್ಯಾಂಪಲ್ ಪೆಟ್ಟಿಗೆಗಳನ್ನು ಆಳುಗಳು ಹೊತ್ತು ತಂದರು. ಒಂದೊಂದು ಪೆಟ್ಟಿಗೆ ಒಳಗೆ ಹೋದ ಹಾಗೆ ಕಾರಿನ ಹಿಂಭಾಗ ಕುಸಿಯುತ್ತ ಬಂತು. ಬಗ್ಗಿ ನೋಡಿದರೆ ಮಾತ್ರ ಗೊತ್ತಾಗುವಂತೆ ಮೂತಿ ಎದ್ದಿತು. ಬೆರಳಿನಗಲವೂ ಇರಲಿಕ್ಕಿಲ್ಲ. ಗೊಂಬೆಗೆ ಕೈ ಸಿಕ್ಕಿಸಿ ಮತ್ತೆ ನಿಲ್ಲಿಸಿದರು.

ಅದೇ ಅಂಗಳ, ಅದೇ ವೇಗ, ಅದೇ ಎತ್ತಿದ ಕಾಲು. ಈ ಸಲ ಕಾರು ಗೊಂಬೆಗೂ ತನಗೂ ನಡುವೆ ಒಬ್ಬರು ಓಡಾಡುವಷ್ಟು ಜಾಗ ಬಿಟ್ಟು ನಿಂತಿತು. ಗೊಂಬೆ ಕೈ ಚಾಚಿಕೊಂಡೇ ಇತ್ತು. ಒಬ್ಬ ಆಳು ಅಭ್ಯಾಸಬಲದಿಂದ ಎರಡು ಚಪ್ಪಾಳೆ ತಟ್ಟಿ, ತಟ್ಟಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಇನ್‌ಸ್ಪೆಕ್ಟರ್ ತಮ್ಮನ ಪಕ್ಕ ಬಂದು ನಿಂತಳು. ಪೆಟ್ಟಿಗೆ ಇಳಿಸಿದ್ದು ಯಾರು ಎಂದು ಕೇಳಿದಳು. ಹುಡುಗರು ಯಾರೋ ಇಳಿಸಿರಬೇಕು ಎಂದ. ಆವತ್ತು ಅಂಗಡಿಗೆ ರಜೆ, ಗಿರಾಕಿಗಳಿಬ್ಬರು ವಿಶೇಷವಾಗಿ ಹೇಳಿ ಬಂದವರು, ಆಳುಗಳಲ್ಲಿ ಒಬ್ಬನೂ ಬಂದಿರಲಿಲ್ಲ ಎಂದಳು. ಹಾಗಾದರೆ ಅಣ್ಣನೇ ಇಳಿಸಿರಬೇಕು ಎಂದ. ಸೊಂಟದ ನೋವಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದವನು, ಸತ್ತಾಗಲೂ ಪಟ್ಟಿ ಇತ್ತು ಎಂದಳು.

ಅವನು ಗೇಟಿನ ಕಡೆ ತಿರುಗಿದ.

“ನೀವು ಇಳಿಸಿದಿರಿ.”

“ಇಳಿಸಿದರೆ? ಪೆಟ್ಟಿಗೆ ಇಳಿಸೋದು ತಪ್ಪಾ? ದಿನಾ ಅದೇ ಕೆಲಸ ತಾನೇ ನನಗೆ. ಅವನು ಸಾಹುಕಾರ, ನಾನು ಕೂಲಿ.”

“ಒಂದು ವಾರದಿಂದ ಅದನ್ನು ಯಾಕೆ ಹೇಳಲಿಲ್ಲ?”

ಉತ್ತರಕ್ಕೆ ಕಾಯದೆ ಅವಳು ಹೇಳುತ್ತ ಹೋದಳು, ಅಡುಗೆ ಸಾಮಾನಿನ ಚೀಟಿ ಓದುವ ದನಿಯಲ್ಲಿ. ಕಾರಿನ ಮುಂದೆ ನಿಲ್ಲುವ ಆಟ ನಿಮಗೆ ಗೊತ್ತು. ಆ ಆಟದಲ್ಲಿ ವರ್ಷಗಟ್ಟಲೆ ಎಲ್ಲರೆದುರು ನಿಮ್ಮನ್ನು ದಡ್ಡ ಅನ್ನುತ್ತಿದ್ದರು. ಅಣ್ಣ ಸತ್ತರೆ, ಅತ್ತಿಗೆ ಒಳಗೆ ಹೋದರೆ, ಮಗು ದೊಡ್ಡದಾಗುವವರೆಗೆ ಈ ಅಂಗಡಿ, ಅಂಗಳ, ಕುರ್ಚಿ ನಿಮ್ಮದು. ಕಾರು ಖಾಲಿ ಮಾಡಿದವರು ನೀವು. ಇನ್ನೇನು ಬೇಕು ನನಗೆ.

ತಮ್ಮನ ಮುಖ ಸಿಮೆಂಟಿನ ಬಣ್ಣಕ್ಕೆ ತಿರುಗಿತು. ಅಷ್ಟು ಹೊತ್ತು ಹಾರಾಡುತ್ತಿದ್ದವನು ಚಪ್ಪಡಿಯ ಕಟ್ಟೆಯ ಮೇಲೆ, ಅಣ್ಣ ಬಿದ್ದ ಜಾಗದ ಪಕ್ಕದಲ್ಲೇ ಕುಸಿದ. ಆ ಕ್ಯಾಮೆರಾ ಗೀಮೆರಾ ನನಗೇನೂ ಗೊತ್ತಿಲ್ಲ ಎಂದ. ಪೆಟ್ಟಿಗೆಗೂ ಬ್ರೇಕಿಗೂ ಸಂಬಂಧ ಇದೆ ಅಂತ ಈಗಷ್ಟೇ ಕಣ್ಣಾರೆ ಕಂಡೆ ಎಂದ. ಇಳಿಸಿದ್ದು ಹೌದು, ಹೇಳಿದರೆ ನನ್ನನ್ನೇ ಹಿಡೀತೀರಿ ಅಂತ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ ಎಂದ. ಎಲ್ಲರೂ ಹೀಗೇ ಹೇಳುತ್ತಾರೆ ಎಂದು ದಪ್ಪಣ್ಣ ಗೊಣಗಿದ.

ಆಗ ಸಾಹುಕಾರನ ತಮ್ಮ ಜೇಬಿನಿಂದ ಫೋನ್ ತೆಗೆದ. ಎರಡು ಸಲ ತಪ್ಪು ಜಾಗ ಒತ್ತಿದ. ಮೂರನೆಯ ಸಲಕ್ಕೆ ಸತ್ತವನ ದನಿ ಅಂಗಳದಲ್ಲಿ ಕೇಳಿಸಿತು. ದಪ್ಪ ದನಿ, ಅವಸರವಿಲ್ಲದ್ದು, ಅಪ್ಪಣೆ ಕೊಟ್ಟು ರೂಢಿಯಾದದ್ದು.

“ಲೋ. ಗಿರಾಕಿಗಳು ಬರೋದ್ರೊಳಗೆ ಬಂದು ಡಿಕ್ಕಿ ಖಾಲಿ ಮಾಡು. ಒಂದು ಪೆಟ್ಟಿಗೇನೂ ಇರಬಾರದು. ಕಾರನ್ನ ಗೇಟಿಂದಾಚೆ ತೆಗೀಬೇಡ. ಆಮೇಲೆ ನೀನು ಮನೆಗೆ ಹೋಗು. ಅತ್ತಿಗೆಗೆ ಏನೂ ಹೇಳೋದು ಬೇಡ.”

ಆ ಮಾತನ್ನು ಅವಳು ಇನ್ನೊಮ್ಮೆ ಹಾಕಿಸಿ ಕೇಳಿದಳು. ಆಳುಗಳು ಮುಖ ಮುಖ ನೋಡಿಕೊಂಡರು. ಗೊಂಬೆ ಕೈ ಚಾಚಿಕೊಂಡು ನಿಂತೇ ಇತ್ತು.

ಗೇಟಿನಾಚೆ ತೆಗೆಯಬೇಡ. ಅದನ್ನು ಹೇಳಿದವನಿಗೆ ಗಾಜಿನವನ ಪಾಠ ಅಕ್ಷರ ಅಕ್ಷರವೂ ನೆನಪಿತ್ತು. ಸಾಹುಕಾರನೇ ಕಾರಿನ ಕಣ್ಣು ಕೆಡಿಸಿದ್ದ. ಕೆಡಿಸಿ, ತಾನೇ ಹೋಗಿ ಅದರ ಮುಂದೆ ನಿಂತಿದ್ದ.

*

ಹಿಂದಿರುಗುವಾಗ ದಪ್ಪಣ್ಣ ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಸಾಯಬೇಕು ಅನ್ನಿಸಿದವನು ಹಗ್ಗ ಹುಡುಕುತ್ತಾನೆ, ಬಾವಿ ಹುಡುಕುತ್ತಾನೆ. ಇವನು ಹೆಂಡತಿಯ ಕೈಯಿಂದಲೇ ಸತ್ತು ಅವಳನ್ನು ಜೈಲಿಗೆ ಹಾಕಿಸಲು ಹೊರಟನಲ್ಲ, ಇಂಥ ಹಟ ಎಲ್ಲೂ ಕಂಡಿಲ್ಲ ಎಂದ. ತನಗೊಂದು ಕಣ್ಣು ಹೋದರೂ ಸರಿ, ಪಕ್ಕದವನ ಎರಡೂ ಹೋಗಬೇಕು ಅನ್ನುವ ಜಾತಿ. ಏನೇ ಆಗಲಿ, ಹೆಂಡತಿಯ ಮೇಲಿನ ಕೊಲೆ ಆರೋಪ ಇನ್ನು ನಿಲ್ಲುವುದಿಲ್ಲ. ಕಾರು ಯಾವಾಗಲೂ ನಿಲ್ಲುತ್ತಿತ್ತು. ಆವತ್ತೂ ನಿಲ್ಲುತ್ತದೆ ಎಂದು ಅವಳು ನಂಬಿದ್ದಳು. ಅಷ್ಟನ್ನು ಬರೆದರೆ ಸಂಜೆಗೆ ಅವಳು ಮಗಳ ಬಳಿ ಇರುತ್ತಾಳೆ. ಒಳ್ಳೆಯ ಸುದ್ದಿ. ಇನ್‌ಸ್ಪೆಕ್ಟರ್ ತನ್ನೊಳಗೆ ಸಂತೋಷಕ್ಕಾಗಿ ಹುಡುಕಿ ನೋಡಿದಳು. ಸಿಗಲಿಲ್ಲ. ಬಿಟ್ಟಳು.

ಸ್ಟೇಷನ್ನಿನ ಹಿಂದಿನ ಕೋಣೆಯಲ್ಲಿ ಸಾಹುಕಾರನ ಹೆಂಡತಿ ಸ್ಟೀಲ್ ಬೆಂಚಿನ ತುದಿಯಲ್ಲಿ ಕೂತಿದ್ದಳು. ಬೆಂಚು ಉದ್ದಕ್ಕಿತ್ತು, ಅವಳು ಮಾತ್ರ ಬಸ್ಸಿನಲ್ಲಿ ಜಾಗ ಸಿಗದವರ ಹಾಗೆ ತುದಿಗೆ ಅಂಟಿಕೊಂಡಿದ್ದಳು. ಪಕ್ಕದಲ್ಲಿ ಟೀ ಆರಿ ಕೆನೆ ಕಟ್ಟಿತ್ತು. ತಿನ್ನಲು ಕೊಟ್ಟರೆ ತಿನ್ನುತ್ತಿದ್ದಳು, ಮಲಗು ಎಂದರೆ ಮಲಗುತ್ತಿದ್ದಳು. ಇಷ್ಟು ದಿನದಲ್ಲಿ ಒಂದು ಸಲವೂ ಅತ್ತಿರಲಿಲ್ಲ. ಅದನ್ನೂ ದೊಡ್ಡ ಸಾಹೇಬರು ಸಾಕ್ಷಿಯಾಗಿ ಎಣಿಸಿದ್ದರು. ಗಂಡ ಸತ್ತರೆ ಹೆಂಗಸು ಹೇಗೆ ಅಳಬೇಕು ಎಂದು ಇವರಿಗೆಲ್ಲ ಯಾರು ಟ್ರೇನಿಂಗ್ ಕೊಟ್ಟಿರುತ್ತಾರೋ.

ಬ್ರೇಕ್ ಒತ್ತಲಿಲ್ಲ ಯಾಕೆ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರವಿತ್ತು. ಒತ್ತಬಾರದು, ಅದೇ ಆಟ. ಬೇಕಾದ ಹಾಗೆ ಬರಕೊಳ್ಳಿ.

ಇನ್‌ಸ್ಪೆಕ್ಟರ್ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಗಾಜು, ಹಲಗೆ, ಪೆಟ್ಟಿಗೆ, ಗೊಂಬೆ, ಒಂದೂ ಬಿಡದೆ ಹೇಳಿದಳು. ಗಂಡನೇ ಡಿಕ್ಕಿ ಖಾಲಿ ಮಾಡಿಸಿದ್ದನ್ನೂ ಹೇಳಿದಳು. ಹೇಳಬಾರದಿತ್ತೇನೋ. ಆದರೆ ಬೆಂಚಿನ ತುದಿಯಲ್ಲಿ ಹಾಗೆ ಕೂತವಳಿಗೆ ಅರ್ಧ ಸತ್ಯ ಹೇಳಿ ಮನೆಗೆ ಕಳಿಸಲು ಅವಳಿಗೆ ಬಾಯಿ ಬರಲಿಲ್ಲ.

ಹೆಂಡತಿಗೆ ಆಶ್ಚರ್ಯವಾಗಲಿಲ್ಲ. ಕಿಟಕಿಯಾಚೆ ನಿಂತಿದ್ದ ಜೀಪಿನ ಗಾಜನ್ನು ನೋಡುತ್ತಿದ್ದಳು.

“ಖಾಲಿ ಇತ್ತಾ,” ಎಂದಳು. ಪ್ರಶ್ನೆಯ ಹಾಗಿರಲಿಲ್ಲ.

ಅವರು ಸಾಯಬೇಕು ಅಂತಿದ್ದರಾ, ಹಾಗೇನಾದರೂ ಯಾವತ್ತಾದರೂ ಹೇಳಿದ್ದರಾ ಎಂದು ಇನ್‌ಸ್ಪೆಕ್ಟರ್ ಕೇಳಿದಳು.

“ಅವರಾ?” ಹೆಂಡತಿ ಮೊದಲ ಸಲ ನೇರವಾಗಿ ನೋಡಿದಳು. “ಹಲ್ಲು ನೋವಿಗೆ ಮೂರು ಡಾಕ್ಟರ ಹತ್ತಿರ ಹೋಗೋ ಮನುಷ್ಯ ಅವರು. ಸಾಯ್ತಾರಾ?”

“ಮತ್ತೆ ಗೊತ್ತಿದ್ದೂ ಹೋಗಿ ನಿಂತದ್ದು ಯಾಕೆ?”

“ಆವತ್ತು ನಿಲ್ಲಬೇಕಿದ್ದವಳು ನಾನು.”

ಕೋಣೆಯ ಟ್ಯೂಬ್‌ಲೈಟ್ ಗುಂಯ್‌ಗುಡುತ್ತಿತ್ತು. ಹೊರಗೆ ದಪ್ಪಣ್ಣ ಯಾರೊಂದಿಗೋ ಗೊಂಬೆಯ ಕಥೆ ಹೇಳುತ್ತಿದ್ದ. ಇನ್‌ಸ್ಪೆಕ್ಟರ್ ಎದ್ದು ಬಾಗಿಲು ಮುಚ್ಚಿದಳು.

ಹೆಂಡತಿ ತನ್ನದಲ್ಲದ ಕಥೆಯಂತೆ ಹೇಳಿದಳು. ಬೆಳಗ್ಗೆ ಅವರೇ ಹೇಳಿದರಂತೆ, ಇವತ್ತು ನೀನು ನಿಲ್ಲು, ನಾನು ಓಡಿಸುತ್ತೇನೆ ಎಂದು. ಹೆಂಗಸು ನಿಂತರೆ ಗಿರಾಕಿಗಳಿಗೆ ನಂಬಿಕೆ ಇನ್ನೂ ಜಾಸ್ತಿ ಬರುತ್ತದೆ ಎಂದರಂತೆ. ಎಷ್ಟೋ ಕಾಲದ ಮೇಲೆ ತಾವಾಗಿ ಮಾತಾಡಿಸಿದ್ದು, ಅದಕ್ಕೇ ಹೂಂ ಎಂದಳಂತೆ. ಗಿರಾಕಿಗಳು ಇನ್ನೂ ಒಳಗೆ ಟೀ ಕುಡಿಯುತ್ತಿದ್ದರು. ಅವಳು ಹೋಗಿ ಚಪ್ಪಡಿಗಳ ಮುಂದೆ ನಿಂತಳು. ಅವರು ಆ ತುದಿಯಲ್ಲಿ ಕಾರು ಹತ್ತಿ, ಗಿರಾಕಿಗಳು ಹೊರಗೆ ಬರಲೆಂದು ಕಾಯುತ್ತ ಕೂತರು.

“ಗಾಜಿನೊಳಗಿಂದ ಕಾಣ್ತಿತ್ತು. ಸ್ಟೇರಿಂಗ್ ಮೇಲಿಟ್ಟ ಅವರ ಕೈ ನಡುಗ್ತಿತ್ತು.”

“ಆಮೇಲೆ?”

“ನಡಕೊಂಡು ಹೋದೆ. ಬಾಗಿಲು ತೆಗೆದೆ. ನೀವು ಇಳೀರಿ, ನೀವೇ ನಿಲ್ಲಿ, ನಾನು ಓಡಿಸ್ತೀನಿ ಅಂದೆ.”

“ಅವರು ಏನಂದರು?”

“ಏನೂ ಅನ್ನಲಿಲ್ಲ. ಅಷ್ಟು ಹೊತ್ತಿಗೆ ಗಿರಾಕಿಗಳು ಹೊರಗೆ ಬಂದಿದ್ರು. ಇವರು ನನ್ನ ಮುಖ ನೋಡಿದ್ರು. ಗಿರಾಕಿಗಳ ಮುಖ ನೋಡಿದ್ರು. ಇಳಿದು ಹೋಗಿ ನಿಂತ್ರು.”

ಬೇಡ ಎನ್ನಲು ಒಂದು ಕಾರಣ ಬೇಕಿತ್ತು. ಇದ್ದ ಒಂದೇ ಕಾರಣವನ್ನು ಅವನು ನಾಲ್ಕು ಜನರೆದುರು ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಪಕ್ಕಕ್ಕೆ ನೆಗೆಯಬಹುದು ಎಂದುಕೊಂಡನೋ, ಇವಳು ಹೆದರಿ ಬ್ರೇಕ್ ಒತ್ತಿಯಾಳು ಎಂದುಕೊಂಡನೋ. ಇವಳು ಕಾಲು ಎತ್ತಿಟ್ಟಳು.

ಇನ್‌ಸ್ಪೆಕ್ಟರ್ ಕೈಯಲ್ಲಿ ಪೆನ್ನಿತ್ತು. ಯಾವಾಗ ತೆಗೆದಳೋ ಅವಳಿಗೇ ತಿಳಿದಿರಲಿಲ್ಲ. ಬೆಳಗಿನಿಂದ ಕಲೆಹಾಕಿದ ಒಂದೊಂದು ಸಾಕ್ಷಿಯೂ, ಇವಳನ್ನು ಮನೆಗೆ ಕಳಿಸಬೇಕಿದ್ದ ಒಂದೊಂದು ಸಾಕ್ಷಿಯೂ, ಕಣ್ಣೆದುರೇ ಮಗ್ಗುಲು ಬದಲಿಸಿ ಮಲಗಿತು. ಖಾಲಿ ಕಾರು ನಿಲ್ಲುವುದಿಲ್ಲ ಎಂದು ತಿಳಿಯದೆ ಕಾಲೆತ್ತಿದ್ದರೆ ಇವಳು ಬದುಕಿ ಉಳಿದವಳು. ತಿಳಿದೂ ಎತ್ತಿದ್ದರೆ, ಇದಕ್ಕಿಂತ ತಣ್ಣನೆಯ ಕೊಲೆಯನ್ನು ಅವಳು ತನ್ನ ಕೆಲಸದಲ್ಲಿ ಕಂಡಿರಲಿಲ್ಲ.

“ಆ ಕೈ ಯಾಕೆ ನಡುಗುತ್ತಿದೆ ಅಂತ ನಿಮಗೆ ಗೊತ್ತಿತ್ತಾ?”

ಹೆಂಡತಿ ಬೆಂಚಿನ ತುದಿಯಿಂದ ಸರಿದು, ನಡುವಿಗೆ ಬಂದು, ಬೆನ್ನು ಒರಗಿಸಿ ಕೂತಳು.

“ಗೊತ್ತಿತ್ತು ಅಂದ್ರೆ ಏನು ಬರೀತೀರಿ, ಗೊತ್ತಿರಲಿಲ್ಲ ಅಂದ್ರೆ ಏನು ಬರೀತೀರಿ? ಮೊದಲು ಅದನ್ನ ಹೇಳಿ ಮೇಡಂ. ಆಮೇಲೆ ನಾನು ಹೇಳ್ತೀನಿ.”